ನಾವುಂದದಲ್ಲಿ ನಿಲ್ಲದ ಬಸ್ಸು

ನನ್ನ ಮಾವ ನಿವೃತ್ತರಾಗಿ ಆರು ವರ್ಷವಾಯಿತು. ಈ ಸುದ್ದಿ ಬಸ್ಸಿನ ಮಾಲೀಕರಿಗೆ ಗೊತ್ತು, ಡ್ರೈವರಿಗೆ ಗೊತ್ತು, ಕುಂದಾಪುರದಿಂದ ಬೈಂದೂರಿನವರೆಗಿನ ಪ್ರತಿಯೊಂದು ಗೂಡಂಗಡಿಗೂ ಗೊತ್ತು. ಇನ್ನೂ ತಲುಪದೆ ಇರುವುದು ಮಾವನೊಬ್ಬರಿಗೇ!

ಮೂವತ್ತನಾಲ್ಕು ವರ್ಷ ಒಂದೇ ರೂಟಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಈಗಲೂ ಮನೆಯೊಳಗೆ ಕಾಲು ಅಗಲಿಸಿಯೇ ನಿಲ್ಲುತ್ತಾರೆ. ಚಾ ಕುಡಿಯುವಾಗ ಒಂದು ಭುಜ ಬಾಗಿಲ ಚೌಕಟ್ಟಿಗೆ ಒರಗಿರಲೇಬೇಕು. ನಮ್ಮದು ಸಿಮೆಂಟಿನ ಮನೆ, ತಿರುವಿನಲ್ಲಿ ವಾಲುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಪೂರ್ತಿ ನಂಬಿಕೆ ಬಂದಿಲ್ಲ. ಪೇಪರನ್ನು ಉದ್ದಕ್ಕೆ ಮಡಚಿ ಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಮಾತಿಗೆ ನಿಂತವರ ಬೆನ್ನಿನ ಮೇಲೆ ಮೆಲ್ಲನೆ ಕೈಯಿಟ್ಟು, ತಮಗೇ ಅರಿವಿಲ್ಲದಂತೆ, ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸುತ್ತಾರೆ. ನಮ್ಮ ಗೇಟಿನ ಬಳಿ ಮಾತು ಶುರುಮಾಡಿದ ಅತಿಥಿ ಹತ್ತು ನಿಮಿಷದಲ್ಲಿ ಅಡುಗೆಮನೆ ಮುಟ್ಟಿರುತ್ತಾನೆ!

ಇದೇ ಕೈಚಳಕವನ್ನು ಅವರು ಸಾಲಿಗ್ರಾಮದ ಒಂದು ಮದುವೆ ಊಟದ ಹಾಲಿನಲ್ಲಿ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಜನ ಬಾಗಿಲಲ್ಲೇ ಗುಂಪುಗಟ್ಟಿದ್ದರು. ಮಾವ ಒಂದು ಕ್ಷಣ ನೋಡಿದರು, ಪಂಚೆ ಎತ್ತಿ ಕಟ್ಟಿದರು, ಒಳಗೆ ನುಗ್ಗಿದರು. "ಮುಂದ್ ಹೋಯ್ನಿ, ಮುಂದ್ ಜಾಗ ಇತ್ತ್. ಹ್ವಾಯ್, ನೀವ್ ಸ್ವಲ್ಪ ಒತ್ತಿ ಕೂಕಣಿ." ಹನ್ನೆರಡು ಎಲೆಯ ಸಾಲಿನಲ್ಲಿ ಹದಿನಾಲ್ಕು ಜನ ಕೂತರು. ನಾನು ಎಣಿಸಿದ್ದೇನೆ. ಮದುಮಗಳ ಅಪ್ಪ ಬಂದು ಕೈಮುಗಿದರು. ಇವರು ಯಾವ ಕಡೆಯ ನೆಂಟರು ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ನಾವು ಹೋಗಬೇಕಾಗಿದ್ದ ಮದುವೆ ಅದೇ ಹಾಲಿನ ಮೇಲಿನ ಮಹಡಿಯಲ್ಲಿತ್ತು!

ಸ್ಕೂಟರಿನ ಕತೆ ಇನ್ನೊಂದು. ನಾನು ಓಡಿಸುವವಳು, ಅವರು ಹಿಂದೆ ಕೂರುವವರು. ಕೂತ ಮೇಲೆ ನನ್ನ ಹೆಲ್ಮೆಟ್ಟಿನ ಮೇಲೆ ಅಂಗೈಯಿಂದ ಎರಡು ಪೆಟ್ಟು. ಟಪ್ ಟಪ್, ಎಂದರೆ ರೈಟ್. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಮೀನು ಮಾರ್ಕೆಟ್ಟಿನೆದುರು, ಹಿಂದೆ ಭಾರ ಬಿದ್ದಂತಾಯಿತಲ್ಲ ಎಂದು ಎರಡು ಪೆಟ್ಟು ಬೀಳುವವರೆಗೆ ಕಾಯದೆ ಹೊರಟುಬಿಟ್ಟೆ. ಮನೆ ತಲುಪಿ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಬಂಗುಡೆಯ ಚೀಲ ಮಾತ್ರ! ಅರ್ಧ ಗಂಟೆಯ ನಂತರ ಮಾವ ನಡೆದುಕೊಂಡು ಬಂದರು. ಸಿಟ್ಟು ಇರಲಿಲ್ಲ, ವೃತ್ತಿಯ ನೋವು ಇತ್ತು.

"ನಾ ಎರಡ್ ಪೆಟ್ಟ್ ಹೊಡಿಲಿಲ್ಲೆ ಮಗಾ, ನೀ ಹ್ಯಾಂಗೆ ಹೊರ್ಟದ್ದ್?"

ಅಂದಿನಿಂದ ಟಪ್ ಟಪ್ ಆಗದೆ ನಾನು ಹೊರಡುವುದಿಲ್ಲ. ಒಬ್ಬಳೇ ಹೋಗುವಾಗಲೂ ಒಂದು ಗಳಿಗೆ ಕಾಯುತ್ತೇನೆ. ನಿಜ ಹೇಳುತ್ತೇನೆ.

ಇಷ್ಟೆಲ್ಲ ಪೀಠಿಕೆ ನನ್ನ ಮಗಳ ಊಟದ ವಿಷಯಕ್ಕೆ. ಅವಳ ಹೆಸರು ಅವನಿ. ಜೂನ್ ಹತ್ತು, ಸೋಮವಾರ, ಅವಳಿಗೆ ಎರಡು ವರ್ಷ ಏಳು ತಿಂಗಳು. ತೂಕ ಹತ್ತು ಕಿಲೋ ಇನ್ನೂರು ಗ್ರಾಂ. ಮಕ್ಕಳ ಡಾಕ್ಟರು ತೂಕದ ಮುಳ್ಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮುಳ್ಳು ನೋಡಿದರು. ಮೂರು ತಿಂಗಳು ಕೊಡುತ್ತೇನೆ, ಸೆಪ್ಟೆಂಬರ್ ಹತ್ತಕ್ಕೆ ಬನ್ನಿ, ಹನ್ನೊಂದು ಕಿಲೋ ಆಗಿರಬೇಕು, ಆಗದಿದ್ದರೆ ರಕ್ತ ಪರೀಕ್ಷೆ ಅದು ಇದು ಎಲ್ಲ ಮಾಡಿಸಬೇಕಾಗುತ್ತದೆ ಎಂದರು. ಸೂಜಿ ಕಂಡರೆ ಉಸಿರು ಕಟ್ಟುವಂತೆ ಅಳುವ ಮಗು. ನಾನು ಮನೆಗೆ ಬಂದು ಡೈರಿ ತೆರೆದು ಆ ದಿನದ ಮಧ್ಯಾಹ್ನದ ಊಟ ಬರೆದೆ: ನಾಲ್ಕು ತುತ್ತು, ಅದರಲ್ಲಿ ಒಂದು ವಾಪಸು, ನಿವ್ವಳ ಮೂರು.

ಅಲ್ಲಿಯವರೆಗೆ ನಾನೇನು ಸುಮ್ಮನೆ ಕೂತವಳೇ? ಕಾಗೆ ತೋರಿಸಿದೆ, ಕಾಗೆಯೇ ಬೇಸತ್ತು ಹೋಯಿತು. ಮೊಬೈಲು ಹಾಕಿದೆ, ಬಾಯಿ ತೆರೆದದ್ದು ನಿಜ, ಅಗಿಯುವುದನ್ನು ಮರೆತಳು. ಒಂದು ತುತ್ತು ಕೆನ್ನೆಯಲ್ಲಿ ಇಪ್ಪತ್ತೆರಡು ನಿಮಿಷ ಕೂತಿತ್ತು. ತಟ್ಟೆ ಹಿಡಿದು ಅವಳ ಹಿಂದೆ ಮನೆಯೆಲ್ಲ ಓಡಿದೆ, ಒಂದು ತುತ್ತಿಗೆ ಸರಾಸರಿ ನಲವತ್ತೆರಡು ಹೆಜ್ಜೆ. ಹಿಂದಿನ ಮೂರು ತಿಂಗಳಲ್ಲಿ ಇಳಿದದ್ದು ನನ್ನ ತೂಕ.

ಡಾಕ್ಟರ ಬಳಿ ಹೋದ ಮರುದಿನ, ಜೂನ್ ಹನ್ನೊಂದು. ಮಾವ ತಮ್ಮ ಟ್ರಂಕಿನಿಂದ ವಿಶಲ್ ತೆಗೆದರು. ಹಿತ್ತಾಳೆಯದು, ಕಪ್ಪು ದಾರ ಕಟ್ಟಿದ್ದು. ಬಿಸಿನೀರಿನಲ್ಲಿ ತೊಳೆದು ಕೊರಳಿಗೆ ಹಾಕಿಕೊಂಡರು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡು ಸಾಲಾಗಿ ಇಟ್ಟು, ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಮಗುವನ್ನು ಕೂರಿಸಿ, ಅನ್ನದ ಪಾತ್ರೆಯ ಮುಚ್ಚಳವನ್ನು ಅವಳ ಕೈಗೆ ಕೊಟ್ಟರು. ಸ್ಟೇರಿಂಗು! ಡ್ರೈವರಿನ ಕೆಲಸ ಅವಳದು, ಕಂಡಕ್ಟರ್ ಇವರು.

ನಿಯಮ ಸರಳ. ಒಂದು ವಿಶಲ್ ಆದರೆ ಬಸ್ಸು ನಿಲ್ಲಬೇಕು, ಬಾಗಿಲು ತೆರೆಯಬೇಕು. ಬಾಗಿಲು ಎಂದರೆ ಅವಳ ಬಾಯಿ. ಪ್ರಯಾಣಿಕರು ಒಳಗೆ ಹೋದ ಮೇಲೆ ಎರಡು ವಿಶಲ್, ರೈಟ್. ಹೆಮ್ಮಾಡಿಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಂದರೆ ಎರಡು ಸಣ್ಣ ತುತ್ತು. ಮುಳ್ಳಿಕಟ್ಟೆಯಲ್ಲಿ ಗಂಗೊಳ್ಳಿಯಿಂದ ಬಂದ ಮೀನಿನ ಹೆಂಗಸರು, ಬುಟ್ಟಿ ಸಮೇತ, ಎಂದರೆ ಅನ್ನದ ಮೇಲೆ ಮುಳ್ಳು ತೆಗೆದ ಬಂಗುಡೆಯ ಚೂರು. ತ್ರಾಸಿಯಲ್ಲಿ ಸಮುದ್ರ ನೋಡಿ ಮುಗಿಸಿದವರು, ಒದ್ದೆ ಬಟ್ಟೆಯವರು, ಎಂದರೆ ಸಾರು ಸ್ವಲ್ಪ ಜಾಸ್ತಿ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಹಾಗಾಗಿ ಅಲ್ಲಿ ಒಂದು ತುತ್ತು, ಎರಡು ಗುಟುಕು ನೀರು. ಹೀಗೆ ಕಿರಿಮಂಜೇಶ್ವರ, ಉಪ್ಪುಂದ ದಾಟಿ ಬೈಂದೂರು ಮುಟ್ಟುವಾಗ ತಟ್ಟೆ ಖಾಲಿ! ಮೊದಲ ದಿನವೇ ಹದಿನೈದು ತುತ್ತು. ನಾನು ಡೈರಿಯಲ್ಲಿ ಹದಿನೈದು ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದೆ.

ನಡುವೆ ಒಮ್ಮೊಮ್ಮೆ ಅವಳು ಹೊಟ್ಟೆ ಮುಟ್ಟಿಕೊಂಡು, ಬಸ್ಸು ಫುಲ್ಲಾಯಿತು ಎಂದು ಮುಖ ತಿರುಗಿಸುವುದುಂಟು. ಅಂಥ ಮಾತನ್ನು ಮೂವತ್ತನಾಲ್ಕು ವರ್ಷ ಕಿವಿಗೆ ಹಾಕಿಕೊಳ್ಳದೆ ಇದ್ದವರು ಮಾವ.

"ಕೂಕಂಬುಕೆ ಜಾಗ ಇಲ್ದಿರೂ ಅಡ್ಡಿಲ್ಲೆ, ನಿಂತ್ಕಂಡೇ ಬತ್ತೊ ಅಂತ್ರ್ ಮಗಾ."

ಮಗು ಯೋಚಿಸುತ್ತದೆ. ಪಾಪ, ಕೂರಲು ಜಾಗವಿಲ್ಲದಿದ್ದರೂ ನಿಂತೇ ಬರುತ್ತೇನೆ ಎನ್ನುವ ಉಪ್ಪುಂದದ ಮುದುಕಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಬಾಗಿಲು ತೆರೆಯುತ್ತದೆ.

ವಿಶಲಿನ ಸದ್ದು ನಮ್ಮ ಓಣಿಯಲ್ಲಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಎರಡನೆಯ ವಾರಕ್ಕೆ ಆಚೆಮನೆಯ ಅವಳಿಗಳು ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಮೂರನೆಯ ವಾರಕ್ಕೆ ಜಗಲಿಯಲ್ಲಿ ಏಳು ಮಕ್ಕಳು, ಏಳು ತಟ್ಟೆ, ಏಳು ಬಗೆಯ ಸಾರು. ಮಾವನ ಮುಖದಲ್ಲಿ ಸೀಸನ್ನಿನ ಕಳೆ. ಒಂದು ದಿನ ಆಚೆಮನೆಯ ಅಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, ಸಂಜೆ ಏಳಕ್ಕೂ ಒಂದು ಟ್ರಿಪ್ ಬಿಡಲು ಸಾಧ್ಯವೇ ಎಂದು ವಿನಯದಿಂದ ವಿಚಾರಿಸಿದರು. ಮಾವ ಅಷ್ಟೇ ಗಂಭೀರವಾಗಿ, ಡ್ರೈವರಿಗೆ ಮಧ್ಯಾಹ್ನ ನಿದ್ದೆ ಸರಿಯಾಗಿ ಆದರೆ ನೋಡೋಣ ಎಂದರು.

ಜುಲೈ ಹದಿನಾಲ್ಕು, ಭಾನುವಾರ, ಮಾವ ಕೋಟದಲ್ಲಿ ನೆಂಟರ ಮನೆಯ ಪೂಜೆಗೆ ಹೋದರು. ಬಸ್ಸು ನನ್ನ ಕೈಗೆ ಬಂತು. ಏನು ಮಹಾ ಎಂದುಕೊಂಡೆ. ನನ್ನ ತವರು ಬ್ರಹ್ಮಾವರ, ನನಗೆ ಗೊತ್ತಿರುವ ರೂಟು ಕುಂದಾಪುರದ ದಕ್ಷಿಣಕ್ಕೆ. ಅಭಿಮಾನದಿಂದ ಕೋಟೇಶ್ವರ, ತೆಕ್ಕಟ್ಟೆ ಎಂದು ಶುರುಮಾಡಿದೆ. ಡ್ರೈವರು ಮುಚ್ಚಳ ಕೆಳಗಿಟ್ಟಳು. "ಈ ಬಸ್ ಬ್ಯಾಡ." ಸರಿ, ಉತ್ತರಕ್ಕೆ ತಿರುಗಿಸಿದೆ. ಹೆಮ್ಮಾಡಿ ಆಯಿತು, ಮುಳ್ಳಿಕಟ್ಟೆ ಆಯಿತು, ಆಮೇಲೆ ಮರವಂತೆ ಎಂದುಬಿಟ್ಟೆ. ತ್ರಾಸಿ ಬಿಟ್ಟುಹೋಗಿತ್ತು! ನಡುವೆ ಒಂದು ಊರನ್ನೇ ನುಂಗಿದ ತಾಯಿಯನ್ನು ಆ ಮಗು ನೋಡಿದ ನೋಟ ನಾನು ಮರೆಯುವಂತಿಲ್ಲ. ಬಾಗಿಲು ಮುಚ್ಚಿತು. ಬಸ್ಸನ್ನು ಹಿಂದಕ್ಕೆ ತಂದು ತ್ರಾಸಿಯಲ್ಲಿ ನಿಲ್ಲಿಸಿದರೂ ತೆರೆಯಲಿಲ್ಲ. ಸ್ಟಾಪಿಗೊಂದರಂತೆ ಒಟ್ಟು ತುತ್ತು ಎರಡು.

ಕೊನೆಗೆ ಸೋತು ಕೋಟಕ್ಕೆ ಫೋನು ಮಾಡಿದೆ. ಮಾವ ಊಟದ ಪಂಕ್ತಿಯಲ್ಲಿ ಕೂತವರು ಎದ್ದು ಹೊರಗೆ ಬಂದರು. ಮೊಬೈಲನ್ನು ಸ್ಪೀಕರಿಗೆ ಹಾಕಿ ಕುರ್ಚಿಯ ಮೇಲಿಟ್ಟೆ. ಆಚೆಯಿಂದ ವಿಶಲ್ ಬಂತು. ಕೊರಳಲ್ಲಿತ್ತಲ್ಲ! ತ್ರಾಸಿಯಿಂದ ಬೈಂದೂರಿನವರೆಗೆ ಬಸ್ಸು ಫೋನಿನಲ್ಲೇ ಓಡಿತು. ನಡುವೆ ಆ ಕಡೆ ಯಾರೋ, "ಹ್ವಾಯ್, ಬಸ್ ಶಿರೂರಿಗೆ ಹೋತ್ತಾ?" ಎಂದು ಕೇಳಿದ್ದೂ ಕೇಳಿಸಿತು. ಸಂಜೆ ಮನೆಗೆ ಬಂದವರಿಗೆ ನಾನು ಬ್ರಹ್ಮಾವರದ ಬಸ್ಸು ಬಿಟ್ಟ ಸುದ್ದಿ ಮುಟ್ಟಿತ್ತು. ಅತ್ತೆಯ ಕಡೆ ತಿರುಗಿ, ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: "ಆ ರೂಟಲ್ಲಿ ಪ್ಯಾಸೆಂಜರೇ ಇಲ್ಲೆ."

ಈ ಅವಮಾನದ ನಂತರ ನಾನು ರೂಟನ್ನು ಸರಿಯಾಗಿ ಕಲಿಯಲು ನಿಶ್ಚಯಿಸಿದೆ. ಡೈರಿಯಲ್ಲಿ ಸ್ಟಾಪಿಗೊಂದು ಸಾಲು ಹಾಕಿ, ಎಲ್ಲಿ ಎಷ್ಟು ತುತ್ತು ಎಂದು ಹಿಂದಿನ ದಿನಗಳದ್ದನ್ನೂ ನೆನಪಿಸಿಕೊಂಡು ತುಂಬಿಸಿದೆ, ಮುಂದಿನದನ್ನು ಆಯಾ ದಿನವೇ ಬರೆದೆ. ಆಗಸ್ಟ್ ನಾಲ್ಕು, ಭಾನುವಾರ, ಕೂಡಿಸಲು ಕೂತೆ. ಫೋನಿನಲ್ಲಿ ಓಡಿದ್ದೂ ಸೇರಿ ಐವತ್ತೈದು ಟ್ರಿಪ್. ಮುಳ್ಳಿಕಟ್ಟೆ ಎಲ್ಲಕ್ಕಿಂತ ಮುಂದೆ, ಬಂಗುಡೆಯ ಮಹಿಮೆ. ಹೆಮ್ಮಾಡಿ ಎರಡನೆಯದು. ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಉದ್ದಕ್ಕೂ ಬೋಳಾಗಿತ್ತು. ನಾವುಂದ: ಸೊನ್ನೆ.

ನನ್ನ ತಪ್ಪಿರಬೇಕು ಎಂದುಕೊಂಡೆ. ಮರುದಿನ ಕಿವಿಗೊಟ್ಟು ಕೂತೆ. ಮರವಂತೆಯಲ್ಲಿ ನೀರು ಕುಡಿಸಿದರು. ಬಸ್ಸು ಹೊರಟಿತು. "ನಾವುಂದ, ನಾವುಂದ, ನಾವುಂದ" ಎಂದು ಒಂದೇ ಉಸಿರಿಗೆ ಕೂಗಿದರು, ಬಸ್ಸು ನಿಲ್ಲುವ ಮೊದಲೇ ಎರಡು ವಿಶಲ್. ರೈಟ್! ಮುಂದಿನ ತುತ್ತು ಕಿರಿಮಂಜೇಶ್ವರದಲ್ಲಿ. ಏಳು ಮಕ್ಕಳಲ್ಲಿ ಯಾರಿಗೂ ನಾವುಂದದಲ್ಲಿ ತುತ್ತಿಲ್ಲ.

ಆ ವಾರ ಅವನಿಯ ತೂಕ ಹತ್ತು ಮುಕ್ಕಾಲು ಕಿಲೋ. ಇನ್ನು ಕಾಲು ಕಿಲೋ, ಒಂದು ತಿಂಗಳು. ನಾನು ಲೆಕ್ಕದವಳು. ದಿನಕ್ಕೆ ಒಂದೇ ಒಂದು ತುತ್ತು ಜಾಸ್ತಿ ಹೋದರೆ ಸೂಜಿ ತಪ್ಪೀತು. ಖಾಲಿ ಹೋಗುವ ಸ್ಟಾಪು ಎದುರಿಗೇ ಇದೆಯಲ್ಲ! ಮಾವನ ಬಳಿ ಹೋಗಿ, ನಾವುಂದದಲ್ಲೂ ಒಂದು ತುತ್ತು ಹತ್ತಿಸಬಹುದಲ್ಲ, ಅದೇನು ಸಣ್ಣ ಊರೇ ಎಂದು ಕೇಳಿದೆ.

"ಅಲ್ಲ್ ಹತ್ತುವರ್ ಇಲ್ಲೆ," ಎಂದರು.

ಇಷ್ಟು ವರ್ಷ ಅಲ್ಲಿ ಯಾರೂ ಹತ್ತಲೇ ಇಲ್ಲವೇ ಎಂದು ನಗುತ್ತಾ ಕೇಳಿದೆ. ಎಂಥ ಮಾತಿಗೂ ಮರುಮಾತು ಕಿಸೆಯಲ್ಲೇ ಇಟ್ಟುಕೊಳ್ಳುವ ಮನುಷ್ಯ ಪೇಪರು ಮಡಚಿದರು, ಬೆರಳಿನ ಸಂದಿಗೆ ಸಿಕ್ಕಿಸಿದರು, ಗೇಟು ದಾಟಿ ಹೋದರು. ಹೋಗುವಾಗ ಎಂದಿನಂತೆ ಗೇಟಿಗೆ ಟಪ್ ಟಪ್ ಹೊಡೆಯಲೂ ಇಲ್ಲ.

ಅತ್ತೆ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಕತ್ತಿಯಿಂದ ಕಣ್ಣೆತ್ತದೆ ಹೇಳಿದರು. ಮೂವತ್ತಮೂರು ವರ್ಷದ ಹಿಂದಿನ ಮಾತು, ಆಗ ಅವರ ಸಂಸಾರ ನಾವುಂದದಲ್ಲಿತ್ತು, ಬಸ್ ಸ್ಟಾಪಿನ ಎದುರಿಗೇ ಬಾಡಿಗೆ ಮನೆ. ನನ್ನ ಗಂಡ ಮೂರು ವರ್ಷದ ಮಗು. ಬೆಳಿಗ್ಗೆ ಮಗು ಏಳುವ ಮೊದಲು ಅಪ್ಪ ಹೊರಟಾಗಿರುತ್ತಿತ್ತು, ರಾತ್ರಿ ಬರುವಾಗ ಮಗು ಮಲಗಿರುತ್ತಿತ್ತು. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಮಗು ಊಟದ ತಟ್ಟೆ ಹಿಡಿದು ರಸ್ತೆಯ ಬದಿ ನಿಲ್ಲುತ್ತಿತ್ತು, ಅಪ್ಪ ಒಂದು ತುತ್ತು ಕೊಟ್ಟ ಹೊರತು ಉಣ್ಣುವುದಿಲ್ಲ ಎಂದು ಹಟ. ಒಂದು ದಿನ ಮಾವ ಇಳಿದು ಬಂದು ತುತ್ತು ಕೊಟ್ಟರು. ಒಂದು ಎರಡಾಯಿತು, ಎರಡು ಮೂರಾಯಿತು. ಮೂರು ನಿಮಿಷ ಹಿಂದಿದ್ದ ಇನ್ನೊಂದು ಕಂಪೆನಿಯ ಬಸ್ಸು ಬಂದು, ಮುಂದೆ ಹೋಗಿ, ಬೈಂದೂರಿನವರೆಗಿನ ಅಷ್ಟೂ ಜನರನ್ನು ತುಂಬಿಸಿಕೊಂಡು ಹೋಯಿತು. ಮಾಲೀಕರು ಮಾವನನ್ನು ಒಂದು ವಾರ ಬಸ್ಸು ಹತ್ತಲು ಬಿಡಲಿಲ್ಲ.

"ಅದ್ರ ಮೇಲೆ ನಾವುಂದ ಬಂದ್ರೆ ಸಾಕ್ ಹೆಣೆ," ಎಂದರು ಅತ್ತೆ, "ಮೋರೆ ಒಳ್ಗ್ ಹಾಕಂಡ್ ಟಿಕೇಟ್ ಎಣ್ಸುಕ್ ಸುರು ಮಾಡ್ತಿದ್ರ್. ಮಗು ಕೂಗುದ್ ಕೇಂತಿತ್ತ್. ಎರಡ್ ವಿಶಲ್ ಹೊಡದ್ ಹೋಯ್ತಿದ್ರ್."

ಆ ಸಂಜೆ ಗಂಡನನ್ನು ಕೇಳಿದೆ. ಅವರು ಒಂದು ಸೊಸೈಟಿಯಲ್ಲಿ ಗುಮಾಸ್ತರು, ಮಾತು ಕಡಿಮೆ, ಜಗಲಿಯ ಈ ಬಸ್ಸಿನಾಟದ ಕಡೆ ತಲೆ ಹಾಕಿದವರಲ್ಲ. ತಟ್ಟೆ ಹಿಡಿದು ನಿಂತದ್ದು ನೆನಪಿಲ್ಲ ಎಂದರು. ಅಂಗಿಯನ್ನು ಮೊಳೆಗೆ ಸಿಕ್ಕಿಸಿ, "ಬಸ್ಸಿನ ಹಿಂಬದಿ ನೆನಪಿದೆ. ನೀಲಿ. ಮಧ್ಯದಲ್ಲಿ ಬಿಳಿ ಪಟ್ಟಿ," ಎಂದರು.

ನಾನು ನಾವುಂದದ ವಿಷಯ ಮತ್ತೆ ಎತ್ತಲಿಲ್ಲ. ಉಪ್ಪುಂದದಲ್ಲಿ ಯಾರಾದರೂ ಜಾಸ್ತಿ ಹತ್ತಬಹುದೇನೋ ಎಂದು ಸೂಚಿಸಿದೆ ಅಷ್ಟೆ. ಸಣ್ಣ ತುತ್ತಿನ ಒಬ್ಬ ಮಾಸ್ತರರು ಹತ್ತಿದರು.

ಸೆಪ್ಟೆಂಬರ್ ಒಂದು, ಭಾನುವಾರ. ಓಣಿಯ ಮಕ್ಕಳೆಲ್ಲ ಯಾರದೋ ಹುಟ್ಟುಹಬ್ಬಕ್ಕೆ ಹೋಗಿ, ಬಸ್ಸಿನಲ್ಲಿ ಡ್ರೈವರ್ ಒಬ್ಬಳೇ. ಗಂಡ ಜಗಲಿಯ ಕೊನೆಯ ಮೆಟ್ಟಿಲಲ್ಲಿ ಮೊಬೈಲು ನೋಡುತ್ತಾ ಕೂತಿದ್ದರು. ಹೆಮ್ಮಾಡಿ ಆಯಿತು. ಬಂಗುಡೆ ಹತ್ತಿತು. ತ್ರಾಸಿಯ ಒದ್ದೆ ಬಟ್ಟೆಯವರು ಹತ್ತಿದರು. ಮರವಂತೆಯಲ್ಲಿ ನೀರು. ಮಾವ ಅನ್ನ ಕಲಸುತ್ತಾ, ವಿಶಲನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ನಾವುಂದ ನಾವುಂದ ಎಂದರು.

ಮೆಟ್ಟಿಲಲ್ಲಿ ಕೂತಿದ್ದ ನನ್ನ ಗಂಡ, ಮೊಬೈಲಿನಿಂದ ತಲೆ ಎತ್ತದೆ, ಬಲಗೈಯನ್ನು ರಸ್ತೆಗೆ ಚಾಚುವಂತೆ ಚಾಚಿದರು.

ಬಸ್ಸು ಗಕ್ಕನೆ ನಿಂತಿತು. ಡ್ರೈವರು ಮುಚ್ಚಳವನ್ನು ಎದೆಗೆ ಒತ್ತಿಕೊಂಡು ಹಿಂದೆ ತಿರುಗಿದಳು.

"ಅಜ್ಜಯ್ಯ, ಜನ ಇತ್ತ್."

ಮಾವನ ಕೈಯಲ್ಲಿ ಕಲಸಿದ ತುತ್ತು ಹಾಗೇ ಇತ್ತು. ಚಾಚಿದ ಕೈಯೂ ಹಾಗೇ ಇತ್ತು. ಒಳಗೆ ಕುಕ್ಕರು ಕೂಗಿ ಸುಮ್ಮನಾಯಿತು. ಆಮೇಲೆ ಒಂದು ವಿಶಲ್ ಬಂತು. ಒಂದೇ, ಉದ್ದಕ್ಕೆ, ಕೊನೆಯಲ್ಲಿ ಸ್ವಲ್ಪ ಅಲುಗಿತು. ಮಾವ ಕುರ್ಚಿಗಳ ನಡುವಿನಿಂದ ನಡೆದು ಬಂದರು, ಯಾವುದಕ್ಕೂ ಭುಜ ಒರಗಿಸದೆ. ಮೆಟ್ಟಿಲಿಳಿದು, ಮೂವತ್ತಾರು ವರ್ಷದ ಮಗನೆದುರು ಕುಕ್ಕರಗಾಲಲ್ಲಿ ಕೂತರು. ಗಂಡ ಬಾಯಿ ತೆರೆದರು. ಒಂದು ತುತ್ತು. ಮತ್ತೆ ತಟ್ಟೆಗೆ ಕೈ ಹಾಕಿ ಇನ್ನೊಂದು. ಮತ್ತೊಂದು.

ಕಿರಿಮಂಜೇಶ್ವರದಲ್ಲಿ ಜನ ಕಾಯುತ್ತಿದ್ದಾರೆ ಎಂದು ಡ್ರೈವರು ನೆನಪಿಸಿದಳು.

"ಕಾಯ್ಲಿ," ಎಂದರು ಮಾವ. "ಹಿಂದಿನ್ ಬಸ್ ಬಂದ್ರೆ ಬರ್ಲಿ ಅತ್ಲಾಗೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಕೈ ಯಾವಾಗಲೋ ಒಣಗಿತ್ತು.

ಅಂದಿನಿಂದ ನಾವುಂದದಲ್ಲಿ ಬಸ್ಸು ನಿಲ್ಲುತ್ತದೆ. ವಾರದ ದಿನಗಳಲ್ಲಿ ಅಲ್ಲಿ ಮಗಳಿಗೆ ಒಂದು ತುತ್ತು, ಭಾನುವಾರಗಳಲ್ಲಿ ಆ ಸ್ಟಾಪು ಅವಳ ಅಪ್ಪನದು. ಡ್ರೈವರಿನ ತಕರಾರಿಲ್ಲ.

ಸೆಪ್ಟೆಂಬರ್ ಹತ್ತು, ಮಂಗಳವಾರ. ಮಾವನೂ ಆಸ್ಪತ್ರೆಗೆ ಬಂದಿದ್ದರು. ತೂಕದ ಯಂತ್ರದ ಮೇಲೆ ಮಗುವನ್ನು ನಿಲ್ಲಿಸಿ, ಅವಳ ತಲೆಯ ಮೇಲೆ ಮೆಲ್ಲಗೆ ಟಪ್ ಟಪ್ ಹೊಡೆದರು. ಮುಳ್ಳು ಏರಿತು, ನಡುಗಿತು, ನಿಂತಿತು. ಹತ್ತು ಕಿಲೋ ಒಂಬೈನೂರ ಐವತ್ತು. ಡಾಕ್ಟರು ಚೀಟಿ ನೋಡಿ ನಕ್ಕರು, ಇಷ್ಟಾದರೆ ಸಾಕು, ಪರೀಕ್ಷೆ ಗಿರೀಕ್ಷೆ ಏನೂ ಬೇಡ ಎಂದರು. ಆಮೇಲೆ ತಮಾಷೆಗೆ, "ಐವತ್ತು ಗ್ರಾಂ ಎಲ್ಲಿ ಹೋಯಿತಮ್ಮಾ?" ಎಂದು ನನ್ನನ್ನು ಕೇಳಿದರು.

ಅದು ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂಬುದು ನನ್ನ ಡೈರಿಯಲ್ಲಿದೆ, ನಾವುಂದದ ಸಾಲಿನಲ್ಲಿ. ಮಾವ ಕಿಟಕಿಯ ಕಡೆ ತಿರುಗಿ ನಿಂತು, ಕೊರಳಿನ ವಿಶಲನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.